ಕಾರವಾರದ ರೇವು ಮತ್ತು ಅದರ ಒಡೆಯರು

ಭೂಮಧ್ಯ ಸಮುದ್ರದ ತೀರದ ಅಲೆಕ್ಸಾಂಡ್ರಿಯಾ ಪಟ್ಟಣವು ಗ್ರೀಕರು, ರೋಮನರು, ಅರಬರು, ತುರ್ಕರು ಎಂದು ಅನೇಕ ಒಡೆಯರನ್ನು ಕಂಡಿತೆಂಬುದು ವಾಚಕರಿಗೆ ವಿದಿತವೇ ಇದೆ. ಅಂತಹ ರೇವೊಂದನ್ನು ಕಾಣಲು ಹಳಿಯಾಳ, ಮುಂಡಗೋಡ ಸೀಮೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. ಜೋಯಿಡಾ ತಾಲೂಕಿನಲ್ಲಿ ಹುಟ್ಟಿ, ದಾಂಡೇಲಿಯನ್ನು ಬಳಸಿ, ಘಟ್ಟವನ್ನಿಳಿದು ಹರಿಯುವ ಕಾಳಿನದಿಯು ಕಡಲನ್ನು ಕೂಡುವಲ್ಲಿಯೇ ಕಾರವಾರವಿದೆ.

ಹಳೆಯ ಕಾರವಾರವು ಈಗಿನ ಪಟ್ಟಣಕ್ಕೆ ಪೂರ್ವದಲ್ಲಿ, ನದಿಯ ದಡದ ಮೇಲಿತ್ತು. ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ, ಕ್ರಿ. ಶ. 1638ರಲ್ಲಿ, ಇಂಗ್ರೇಜ ವ್ಯಾಪಾರಿಗಳು ಅಲ್ಲಿ ವಖಾರಿಯನ್ನು ತೆರೆದರು. ಅವರನ್ನು ಸೆಳೆದವು ಮೆಣಸು, ಏಲಕ್ಕಿ ಮತ್ತು ಬಯಲುಸೀಮೆಯ ನೇಕಾರರ ನವಿರಾದ ಬಟ್ಟೆ. ಇವು ಎತ್ತುಗಳ ಬೆನ್ನೇರಿ ಕಾಡುದಾರಿಯಿಂದಿಳಿದು ರೇವನ್ನು ಸೇರುತ್ತಿದ್ದವು.

ಸಂಪತ್ತಿದ್ದಲ್ಲಿ ಅರಸರ ಕಣ್ಣು ಬೀಳದಿರುವುದೇ? 1665ರಲ್ಲಿ ಶಿವಾಜಿಯು ಕಾರವಾರದಿಂದ ಕಪ್ಪವನ್ನೆತ್ತಿದನು; ಅದರಲ್ಲಿ ಇಂಗ್ರೇಜರ ಪಾಲು 112 ಪೌಂಡು. 1674ರಲ್ಲಿ ಕೋಟೆಯು ವಶವಾಗದಿರಲು ಊರು ಬೆಂಕಿಗೆ ಆಹುತಿಯಾಯಿತು. ವಖಾರಿಗೆ ಮಾತ್ರ ತೊಂದರೆ ತಟ್ಟಲಿಲ್ಲ. 1715ರ ಸುಮಾರಿಗೆ ಸೋದೆಯ ಅರಸನು ಹಳೆಯ ಕೋಟೆಯನ್ನು ಕೆಡವಿಸಿ, ನದೀಮುಖದ ಉತ್ತರದ ಗುಡ್ಡದ ಮೇಲೆ ಸದಾಶಿವಗಡವನ್ನು ಕಟ್ಟಿಸಿದನು. 1720ರಲ್ಲಿ ಇಂಗ್ರೇಜರು ವಖಾರಿಯನ್ನು ಮುಚ್ಚಿ ತೆರಳಿದರು. 1752ರಲ್ಲಿ ಪೋರ್ತುಗೀಜರು ಗಡವನ್ನು ಹಿಡಿದರು. 1763ರಲ್ಲಿ ಹೈದರನ ಸೇನೆಯು ಬರಲು ಸೋದೆಯ ಅರಸನು ಗೋವೆಯಲ್ಲಿ ಆಶ್ರಯ ಪಡೆದನು. 1783ರಲ್ಲಿ ಇಂಗ್ರೇಜರು ಗೆದ್ದು, ಮರುವರ್ಷದ ಮಂಗಳೂರಿನ ಒಪ್ಪಂದದಂತೆ ಟೀಪುವಿಗೆ ಮರಳಿಸಿ, 1799ರಲ್ಲಿ ಮತ್ತೆ ಪಡೆದರು. ಐವತ್ತು ವರ್ಷ ತುಂಬುವುದರೊಳಗೆ ಒಂದು ಗುಡ್ಡಕ್ಕೆ ಇಷ್ಟು ಮಂದಿ ಒಡೆಯರು!

1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಕಾರವಾರವು ಜಿಲ್ಲೆಯ ಮುಖ್ಯಪಟ್ಟಣವಾಯಿತು. ಧಾರವಾಡದ ಹತ್ತಿಯು ಇಲ್ಲಿಂದಲೇ ಹಡಗನ್ನೇರುವುದೆಂಬ ಆಶೆಯು ಬಲಿಯಿತು. ಆದರೆ 1888ರಲ್ಲಿ ಉಗಿಬಂಡಿಯ ಹಾದಿಯು ಗೋವೆಯ ಮುರಗಾಂವಿಗೆ ತೆರೆಯಲು ಘಟ್ಟದ ಸರಕು ಅತ್ತ ಹೊರಳಿತು. ಬೆಂಕಿ, ಮುತ್ತಿಗೆಗಳಿಗೂ ಅಳಿಯದೆ ಉಳಿದ ರೇವು, ಗುಂಡೊಂದೂ ಹಾರದೆ ಸೊರಗಿತು.

1956ರ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಕೂಡಿತು. ಬಳಿಕ ಕಾಳಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ಕೆಳಗೆ, ಕಾರವಾರದ ತೀರದಲ್ಲಿ, 2005ರಲ್ಲಿ ‘ಕದಂಬ’ ನೌಕಾನೆಲೆಯು ನೆಲೆಗೊಂಡಿತು. ಎರಡಕ್ಕಾಗಿಯೂ ಎಷ್ಟೋ ಮನೆತನಗಳು ಹುಟ್ಟಿದ ನೆಲವನ್ನು ಬಿಟ್ಟೇಳಬೇಕಾಯಿತು.

ಗಡವನ್ನು ಗೆದ್ದವರ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ. ಮೆಣಸಿನ ಮೂಟೆಯನ್ನು ಹೇರಿಕೊಂಡು ಘಟ್ಟವನ್ನಿಳಿದವನ ಹೆಸರು ಎಲ್ಲಿಯೂ ಇಲ್ಲ. ರೇವು ಬಾಳಿದುದಾದರೋ ಅವನಿಂದಲೇ.