ಎಂಟನೆಯ ಮನೆಯಿಂದ ಶುರು

1998ರಲ್ಲಿ ಶಾಲೆ ಬಿಟ್ಟ ಮೇಲೆ ನಾನು ನೇರವಾಗಿ ಬನಶಂಕರಿಯ ಮನೆಗೆ ಹೋಗುತ್ತಿರಲಿಲ್ಲ. ಎರಡು ವರ್ಷದ ಮಗಳನ್ನು ಅತ್ತೆಯವರ ಬಳಿ ಬಿಟ್ಟು, ಜಯನಗರದ ಒಂದು ಕಂಪ್ಯೂಟರ್ ತರಗತಿಯ ಮೆಟ್ಟಿಲು ಹತ್ತುತ್ತಿದ್ದೆ. ನಾನೂ ನನ್ನ ವಾರಗಿತ್ತಿಯೂ ಒಟ್ಟಿಗೇ ಸೇರಿದ್ದೆವು, ಕೋಬಾಲ್ ಕಲಿಯಲು. ಕನ್ನಡ, ಇತಿಹಾಸ ಕಲಿಸುವವಳಿಗೆ ಇದೇಕೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು.

ಕಾರಣ ಹಳೆಯದು. 1959ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಭಾಷೆಯಲ್ಲಿ ಬ್ಯಾಂಕು, ವಿಮೆ, ಸಂಬಳದ ಲೆಕ್ಕಗಳು ನಡೆಯುತ್ತಿದ್ದವು. ಆಗ ರಂಧ್ರ ಕೊರೆದ ಒಂದು ಕಾರ್ಡಿನಲ್ಲಿ 80 ಅಕ್ಷರಕ್ಕಷ್ಟೇ ಜಾಗ, ಮೆಮೊರಿಯಂತೂ ಬಲು ದುಬಾರಿ. ಹಾಗಾಗಿ 1965 ಎನ್ನದೆ ಬರೀ 65 ಎಂದು ಬರೆದರು. ದಿನಸಿ ಲೆಕ್ಕದ ಪುಸ್ತಕದಲ್ಲಿ ನಾವೂ ಹಾಗೇ ತಾನೆ ಬರೆಯುವುದು? ಆದರೆ 2000 ಬಂದಾಗ 00 ಎಂಬುದನ್ನು ಯಂತ್ರ 1900 ಎಂದುಕೊಂಡರೆ ಬಡ್ಡಿ, ಪಿಂಚಣಿ ಎಲ್ಲ ಅಡಿಮೇಲು. ಅದನ್ನು ತಿದ್ದುವ ಕೆಲಸ ಬೆಂಗಳೂರಿಗೂ ಹರಿದು ಬಂತು.

ಕೆಲಸದಲ್ಲಿದ್ದುಕೊಂಡೇ ಕಲಿಯುವುದು ಆಗಲೂ ಹೊಸದೇನಲ್ಲ. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಯಂತ್ರ ಬಂದಾಗ, ಬೇರೆ ಸಂಸ್ಥೆಗಳ ವಿಜ್ಞಾನಿಗಳನ್ನು ಕರೆಸಿ ಹತ್ತು ದಿನದಲ್ಲಿ ಫೋರ್ಟ್ರಾನ್ ಕಲಿಸಿ ಕಳಿಸುತ್ತಿದ್ದರು. ಹಾಗೆ ಕಲಿಸಿದ ವಿ. ರಾಜಾರಾಮನ್ ಅವರು 1982ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಕೋಬಾಲ್‌ಗೆ ದಾರಿ ಹಾಕಿದ ಗ್ರೇಸ್ ಹಾಪರ್ ಕೂಡ ಮೊದಲು ಕಾಲೇಜಿನಲ್ಲಿ ಗಣಿತದ ಮೇಡಂ. ನೌಕಾಪಡೆ ಸೇರಿ, 1944ರಲ್ಲಿ, 37ನೆಯ ವಯಸ್ಸಿನಲ್ಲಿ ಮೊದಲ ಸಲ ಕಂಪ್ಯೂಟರಿನ ಮುಂದೆ ನಿಂತಾಕೆ. ಆಕೆಗೆ ಮಕ್ಕಳಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ನಮಗೆ ಮೂವರಿಗೆ ಒಂದು ಯಂತ್ರ. ಮೊದಲು ಚೌಕಳಿ ಹಾಳೆಯ ಮೇಲೆ, ಎಂಟನೆಯ ಮನೆಯಿಂದ ಶುರುಮಾಡಿ ಬರೆಯಬೇಕು. ಒಂದು ಪೂರ್ಣವಿರಾಮ ಬಿಟ್ಟರೆ ತಪ್ಪುಗಳ ಪಟ್ಟಿಯೇ ಬರುತ್ತಿತ್ತು. ಪೂರ್ಣವಿರಾಮಕ್ಕೆ ಅರ್ಧ ಅಂಕ ಕಳೆಯುವ ಮೇಷ್ಟರಿಗೆ ತಕ್ಕ ಶಾಸ್ತಿ!

ನಾಲ್ಕನೆಯ ತಿಂಗಳು ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಇಬ್ಬರಲ್ಲಿ ಒಬ್ಬರು ಮನೆಯಲ್ಲಿ ಉಳಿಯಬೇಕಾಯಿತು. ನನಗೆ ಹೇಗೂ ನೌಕರಿ ಇತ್ತಲ್ಲ, ನಾನೇ ಬಿಟ್ಟೆ. ಕಟ್ಟಿದ ಫೀಸು ವಾಪಸು ಬರಲಿಲ್ಲ. ವಾರಗಿತ್ತಿ ಕಲಿತು ಮುಗಿಸಿದಳು, ಕೆಲಸವೂ ಸಿಕ್ಕಿತು. 1999ರ ಡಿಸೆಂಬರ್ 31ರ ರಾತ್ರಿಯೆಲ್ಲ ಆಫೀಸಿನಲ್ಲೇ ಇದ್ದು, ಬೆಳಗ್ಗೆ ಫೋನ್ ಮಾಡಿದಳು: "ಏನೂ ಆಗಲಿಲ್ಲ, ಅಕ್ಕ." ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು.

ಈಗ ಐವತ್ತು ದಾಟಿದ ಮೇಲೆ, ಆ ಮಗಳೇ ಊಟದ ಮೇಜಿನ ಮೇಲೆ ನನಗೆ ಪೈಥಾನ್ ಹೇಳಿಕೊಡುತ್ತಿದ್ದಾಳೆ. 1991ರಲ್ಲಿ ಬಂದ ಭಾಷೆ. "ಪೂರ್ಣವಿರಾಮ ಬೇಡಮ್ಮ, ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೀಯ ನೋಡು" ಎನ್ನುತ್ತಾಳೆ. ಮತ್ತೆ ಅದೇ ಮನೆ ಎಣಿಸುವ ಕೆಲಸ! ಮೊನ್ನೆ ಪಾತ್ರೆ ತೊಳೆದಿಟ್ಟು, ಒಂಬತ್ತನೆಯ ತರಗತಿಯ ಅಂಕ ಕೂಡಿಸುವ ಪ್ರೋಗ್ರಾಮ್ ಒಬ್ಬಳೇ ಬರೆದೆ. ಓಡಿತು. ಕೊನೆಯ ಬೆಂಚಿನ ಹುಡುಗನಿಗೆ ನೂರಕ್ಕೆ 112 ಬಂದಿದೆ. ಎಲ್ಲಿ ತಪ್ಪಿದೆನೆಂದು ಹುಡುಕುತ್ತಿದ್ದೇನೆ.