ತಂದೆ-ತಾಯಿ ಬೇರ್ಪಟ್ಟ ನಂತರ ಮಗುವನ್ನು ಸಮ್ಮತಿಯಿಲ್ಲದೆ ವಿದೇಶಕ್ಕೆ ಕರೆದೊಯ್ಯುವುದನ್ನು ತಡೆಗಟ್ಟುವ ಕ್ರಮಗಳು

ದಂಪತಿಗಳು ಬೇರ್ಪಟ್ಟ ನಂತರ ಅಥವಾ ವಿಚ್ಛೇದನ ಪ್ರಕರಣವು ನ್ಯಾಯಾಲಯದಲ್ಲಿರುವಾಗ, ತಂದೆ ಅಥವಾ ತಾಯಿಯು ಮತ್ತೊಬ್ಬರ ಸಮ್ಮತಿಯಿಲ್ಲದೆ ಮಗುವನ್ನು ವಿದೇಶಕ್ಕೆ ಕರೆದೊಯ್ಯುವ ಅಥವಾ ರಜೆಗೆಂದು ಕರೆದೊಯ್ದು ಅಲ್ಲಿಯೇ ಇರಿಸಿಕೊಳ್ಳುವ ಸಂದರ್ಭಗಳಿರುತ್ತವೆ. ಇಂತಹ ಆತಂಕವುಳ್ಳವರು ಕೈಗೊಳ್ಳಬಹುದಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಮುನ್ನೆಚ್ಚರಿಕೆ ಏಕೆ ಅವಶ್ಯಕ?

ಹೀಗೆ ಕರೆದೊಯ್ದ 16 ವರ್ಷದೊಳಗಿನ ಮಕ್ಕಳನ್ನು ಅವರು ವಾಸವಿದ್ದ ದೇಶಕ್ಕೆ ಶೀಘ್ರವಾಗಿ ಹಿಂತಿರುಗಿಸಲು 1980ರ ಹೇಗ್ ಒಪ್ಪಂದವು ಅವಕಾಶ ಕಲ್ಪಿಸುತ್ತದೆ. ಕಾನೂನು ಆಯೋಗವು 2009ರ ತನ್ನ 218ನೇ ವರದಿಯಲ್ಲಿ ಶಿಫಾರಸು ಮಾಡಿದ್ದರೂ ಭಾರತವು ಈ ಒಪ್ಪಂದಕ್ಕೆ ಸೇರಿರುವುದಿಲ್ಲ. ಆದುದರಿಂದ ಭಾರತದಿಂದ ಹೊರಹೋದ ಮಗುವನ್ನು ಈ ಒಪ್ಪಂದದ ಮೂಲಕ ಮರಳಿ ಪಡೆಯಲಾಗುವುದಿಲ್ಲ. ಭಾರತದ ನ್ಯಾಯಾಲಯದ ಆದೇಶವೂ ವಿದೇಶದಲ್ಲಿ ತಾನಾಗಿಯೇ ಜಾರಿಯಾಗುವುದಿಲ್ಲ. ಅಲ್ಲಿನ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ. ವಿದೇಶದಿಂದ ಭಾರತಕ್ಕೆ ಕರೆತಂದ ಮಗುವಿನ ವಿಷಯದಲ್ಲಿ, ಮಗುವಿನ ಹಿತವೇ ಪರಮೋಚ್ಚವೆಂದೂ ವಿದೇಶಿ ನ್ಯಾಯಾಲಯದ ಆದೇಶವು ಪರಿಗಣಿಸಬೇಕಾದ ಅಂಶಗಳಲ್ಲೊಂದು ಮಾತ್ರವೆಂದೂ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪು ನೀಡಿದೆ. ಈ ಕಾರಣಗಳಿಂದ ಮಗುವು ದೇಶ ಬಿಡುವ ಮೊದಲೇ ಕ್ರಮ ಕೈಗೊಳ್ಳುವುದು ಅತ್ಯವಶ್ಯಕ.

ನ್ಯಾಯಾಲಯದ ಆದೇಶ ಪಡೆಯುವುದು

ತಂದೆ, ತಾಯಿ ಇಬ್ಬರೂ ಸಹಜ ಪೋಷಕರಾಗಿರುವುದರಿಂದ, ನ್ಯಾಯಾಲಯದ ಆದೇಶವಿಲ್ಲದಿದ್ದಲ್ಲಿ ಅವರಲ್ಲೊಬ್ಬರ ಮೇಲೆ ಅಪಹರಣದ ಆರೋಪವು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದ್ದರಿಂದ ಮಗುವು ಸಾಮಾನ್ಯವಾಗಿ ವಾಸಿಸುವ ಸ್ಥಳದ ಕುಟುಂಬ ನ್ಯಾಯಾಲಯದಲ್ಲಿ, ಅದು ಇಲ್ಲದೆಡೆ ಜಿಲ್ಲಾ ನ್ಯಾಯಾಲಯದಲ್ಲಿ, 1890ರ ಪೋಷಕರು ಮತ್ತು ಪಾಲಿತರ ಅಧಿನಿಯಮದಡಿ ಅರ್ಜಿ ಸಲ್ಲಿಸಬಹುದು. ಅಂತಿಮ ತೀರ್ಪಿಗೆ ಮುನ್ನ ಇದೇ ಅಧಿನಿಯಮದ 12ನೇ ಪ್ರಕರಣದಡಿ ಮಧ್ಯಂತರ ಆದೇಶ ಪಡೆಯಲು ಅವಕಾಶವಿದೆ. ಅರ್ಜಿಯಲ್ಲಿ ಈ ಕೆಳಕಂಡವುಗಳನ್ನು ಕೋರಬಹುದು:

1. ನ್ಯಾಯಾಲಯದ ಅನುಮತಿಯಿಲ್ಲದೆ ಮಗುವನ್ನು ದೇಶದ ಹೊರಗೆ ಕರೆದೊಯ್ಯದಂತೆ ಪ್ರತಿಬಂಧಕಾಜ್ಞೆ.
2. ಮಗುವಿನ ಪಾಸ್‌ಪೋರ್ಟನ್ನು ನ್ಯಾಯಾಲಯಕ್ಕೆ ಒಪ್ಪಿಸಲು ಎದುರು ಪಕ್ಷಕಾರರಿಗೆ ನಿರ್ದೇಶನ.
3. ಮಗುವಿನ ಹೆಸರಿನಲ್ಲಿ ಲುಕ್‌ಔಟ್ ಸುತ್ತೋಲೆ ಹೊರಡಿಸಲು ಸಂಬಂಧಪಟ್ಟ ಪ್ರಾಧಿಕಾರಕ್ಕೆ ನಿರ್ದೇಶನ. ಖಾಸಗಿ ವ್ಯಕ್ತಿಯ ಮನವಿಯ ಮೇಲೆ ನೇರವಾಗಿ ಈ ಸುತ್ತೋಲೆಯನ್ನು ಹೊರಡಿಸಲಾಗುವುದಿಲ್ಲ.
4. ಮಗುವನ್ನು ಭೇಟಿ ಮಾಡುವ ದಿನ, ಸ್ಥಳ ಮತ್ತು ಅವಧಿಯ ಸ್ಪಷ್ಟ ನಿಗದಿ.

ಪಾಸ್‌ಪೋರ್ಟ್ ಸಂಬಂಧ ಎಚ್ಚರಿಕೆ

18 ವರ್ಷದೊಳಗಿನ ಮಗುವಿನ ಪಾಸ್‌ಪೋರ್ಟಿಗೆ ತಂದೆ-ತಾಯಿ ಇಬ್ಬರ ಸಮ್ಮತಿಯನ್ನು ಅನುಬಂಧ 'ಡಿ' ನಮೂನೆಯಲ್ಲಿ ನೀಡಲಾಗುತ್ತದೆ. ಭರ್ತಿ ಮಾಡದ ನಮೂನೆಗೆ ಯಾವ ಕಾರಣಕ್ಕೂ ಸಹಿ ಮಾಡಬಾರದು. ಒಬ್ಬರ ಸಮ್ಮತಿ ದೊರೆಯದಿದ್ದಲ್ಲಿ ಅನುಬಂಧ 'ಸಿ' ಘೋಷಣೆಯೊಂದಿಗೆ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಸಹಿ ನಿರಾಕರಿಸಿದ ಮಾತ್ರಕ್ಕೆ ಪಾಸ್‌ಪೋರ್ಟ್ ದೊರೆಯುವುದಿಲ್ಲವೆಂದು ಭಾವಿಸಬಾರದು. ಆಕ್ಷೇಪಣೆಯುಳ್ಳವರು ನ್ಯಾಯಾಲಯದ ಆದೇಶದ ದೃಢೀಕೃತ ನಕಲನ್ನು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಲಿಖಿತ ಮನವಿಯೊಂದಿಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ದೇಶ ಬಿಡದಂತೆ ನ್ಯಾಯಾಲಯದ ಆದೇಶವಿರುವಲ್ಲಿ ಪಾಸ್‌ಪೋರ್ಟ್ ನಿರಾಕರಿಸಲು ಹಾಗೂ ಮುಟ್ಟುಗೋಲು ಹಾಕಿಕೊಳ್ಳಲು 1967ರ ಪಾಸ್‌ಪೋರ್ಟ್ ಅಧಿನಿಯಮದಲ್ಲಿ ಅವಕಾಶವಿದೆ.

ಮಗುವು ವಿದೇಶಿ ಪೌರತ್ವ ಹೊಂದಿದ್ದಲ್ಲಿ ಅದರ ಪಾಸ್‌ಪೋರ್ಟನ್ನು ಆ ದೇಶವೇ ನೀಡುತ್ತದೆ. ಸಾಗರೋತ್ತರ ಭಾರತೀಯ ಪ್ರಜೆ ಕಾರ್ಡ್ ಹೊಂದಿರುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಇಂತಹ ಪ್ರಕರಣಗಳಲ್ಲಿ ಆ ದೇಶದ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಉದಾಹರಣೆಗೆ, ಅಮೆರಿಕದಲ್ಲಿ 18 ವರ್ಷದೊಳಗಿನ ಮಗುವಿನ ಹೆಸರನ್ನು ತಂದೆ ಅಥವಾ ತಾಯಿ ನೋಂದಾಯಿಸಿದ್ದಲ್ಲಿ, ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಬಂದಾಗ ಅವರಿಗೆ ಸೂಚನೆ ನೀಡುವ ವ್ಯವಸ್ಥೆಯಿದೆ.

ವಿದೇಶ ಪ್ರವಾಸಕ್ಕೆ ಸಮ್ಮತಿಸುವ ಮುನ್ನ

ಹಿಂತಿರುಗುವ ದಿನಾಂಕವುಳ್ಳ ಟಿಕೆಟ್, ತಂಗುವ ವಿಳಾಸ ಹಾಗೂ ದೂರವಾಣಿ ವಿವರಗಳನ್ನು ಲಿಖಿತವಾಗಿ ಪಡೆಯಬೇಕು. ನಿಗದಿತ ದಿನ ಮಗುವನ್ನು ಹಿಂದಕ್ಕೆ ಕರೆತರುವ ಮುಚ್ಚಳಿಕೆ ಹಾಗೂ ಭದ್ರತಾ ಠೇವಣಿಯ ಷರತ್ತನ್ನು ವಿಧಿಸುವಂತೆ ನ್ಯಾಯಾಲಯವನ್ನು ಕೋರಬಹುದು.

ತುರ್ತು ಸಂದರ್ಭದಲ್ಲಿ

ಮಗುವನ್ನು ಕರೆದೊಯ್ಯುತ್ತಿರುವ ಸುಳಿವು ದೊರೆತ ಕೂಡಲೇ 112ಕ್ಕೆ ಕರೆ ಮಾಡಿ, ಆದೇಶದ ನಕಲು, ಮಗುವಿನ ಇತ್ತೀಚಿನ ಭಾವಚಿತ್ರ, ಪಾಸ್‌ಪೋರ್ಟ್ ಸಂಖ್ಯೆ ಮತ್ತು ಪ್ರಯಾಣದ ವಿವರಗಳನ್ನು ಪೊಲೀಸರಿಗೆ ಒದಗಿಸಬೇಕು. ಈ ದಾಖಲೆಗಳನ್ನು ಮುಂಚಿತವಾಗಿಯೇ ಒಂದೆಡೆ ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು.

ದೌರ್ಜನ್ಯಕ್ಕೊಳಗಾದ ತಾಯಂದಿರ ಗಮನಕ್ಕೆ

ದೌರ್ಜನ್ಯದಿಂದ ಪಾರಾಗಲು ಮಗುವಿನೊಂದಿಗೆ ದೇಶ ಬಿಡುವುದೊಂದೇ ದಾರಿಯಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಅಧಿನಿಯಮದ 21ನೇ ಪ್ರಕರಣದಡಿ ಮಗುವಿನ ತಾತ್ಕಾಲಿಕ ಅಭಿರಕ್ಷೆಯನ್ನು ಕೋರಬಹುದು. ಮಗುವಿನ ಹಿತಕ್ಕೆ ಧಕ್ಕೆಯಾಗುವುದೆಂದು ಕಂಡುಬಂದಲ್ಲಿ ತಂದೆಯ ಭೇಟಿಯನ್ನು ನಿರಾಕರಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ.

ಉಚಿತ ಕಾನೂನು ನೆರವು

ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇತರರಿಗೆ ಆದಾಯ ಮಿತಿ ಅನ್ವಯಿಸಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ 15100 ದೂರವಾಣಿಯಲ್ಲಿ ವಿಚಾರಿಸಬಹುದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಪ್ರತಿ ಪ್ರಕರಣದ ಸಂದರ್ಭವು ಭಿನ್ನವಾಗಿರುವುದರಿಂದ ವಕೀಲರ ಸಲಹೆ ಪಡೆದು ಮುಂದುವರಿಯತಕ್ಕದ್ದು.