ಹಾಲಿನ ಪುಸ್ತಕದ ಹೊರಗಿರುವ ಜಾನುವಾರು: ಉಯ್ಯಂಬಳ್ಳಿಯ ಕಾಡಂಚಿನಿಂದ ಒಂದು ಟಿಪ್ಪಣಿ

ಕನಕಪುರ ತಾಲ್ಲೂಕಿನ ಹಳ್ಳಿಗಳ ಪಟ್ಟಿ ಹಿಡಿದು ಕೂತರೆ ಹೆಸರಿನ ಕೊನೆಗೆ ‘ದೊಡ್ಡಿ’ ಹೊತ್ತ ಊರುಗಳು ಒಂದರ ಹಿಂದೊಂದು ಸಿಗುತ್ತವೆ. ದೊಡ್ಡಿ ಎಂದರೆ ದನ ಕೂಡುವ ಜಾಗ. ಕಾಡಿನ ಅಂಚಿಗೆ ಮುಳ್ಳು ಕಡಿದು ಹಾಕಿ, ರಾತ್ರಿ ದನ ಕೂಡಿ, ಕಾಯುವವರು ಅಲ್ಲೇ ಗುಡಿಸಲು ಕಟ್ಟಿಕೊಂಡು, ಆಮೇಲೆ ಅದೇ ಊರಾದ ಕಥೆ ಆ ಎರಡಕ್ಷರದಲ್ಲಿದೆ. ಹಳ್ಳಿಕಾರ್ ತಳಿಯ ಸೀಮೆ ಇದು; ಕಾವೇರಿ ಕಣಿವೆಯ ಗುಡ್ಡಗಳಲ್ಲಿ ಮೇಯುತ್ತಿದ್ದ ಆಲಂಬಾಡಿ ದನಗಳ ಸೀಮೆಯೂ ಹೌದು. ಉಯ್ಯಂಬಳ್ಳಿ ಹೋಬಳಿಯ ತೆಂಕಣಕ್ಕೆ ಸಂಗಮ, ಅಲ್ಲಿ ಅರ್ಕಾವತಿ ಕಾವೇರಿಗೆ ಸೇರುತ್ತದೆ. ಸುತ್ತ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ. ಹೊಳೆಯ ಆಚೆ ದಡ ಚಾಮರಾಜನಗರ ಜಿಲ್ಲೆ.

ಜಾನುವಾರು ರೋಗಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವಾಗ ಯಾವ ಸಂಶೋಧನೆಗೆ ಮೊದಲ ಸ್ಥಾನ ಕೊಡಬೇಕು? ಈ ಪ್ರಶ್ನೆ ಸಾಮಾನ್ಯವಾಗಿ ರೋಗಗಳ ಹೆಸರಿನ ಪಟ್ಟಿಯಾಗಿ ಮುಗಿಯುತ್ತದೆ: ಕಾಲುಬಾಯಿ ಜ್ವರ, ಕಂದು ರೋಗ, ಹಿರೇಬೇನೆ, ಚರ್ಮಗಂಟು. ಉಯ್ಯಂಬಳ್ಳಿಯಂಥ ಕಾಡಂಚಿನಲ್ಲಿ ನಿಂತು ನೋಡಿದರೆ ಯಾವ ರೋಗ ಎನ್ನುವುದಕ್ಕಿಂತ ಯಾವ ಪ್ರಾಣಿ ಲೆಕ್ಕಕ್ಕೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎನ್ನುವುದು ಮೊದಲ ಪ್ರಶ್ನೆಯಾಗಬೇಕು ಎಂಬುದು ನನ್ನ ವಾದ.

ಸಲಹೆ ಕೊಡುವ ಸಂಸ್ಥೆ ದೂರದಲ್ಲೇನೂ ಇಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆ, ಅಂದರೆ ನಿವೇದಿ, ಮೊದಲು ಯೋಜನಾ ನಿರ್ದೇಶನಾಲಯವಾಗಿದ್ದು 2013ರಲ್ಲಿ ಪೂರ್ಣ ಸಂಸ್ಥೆಯಾಯಿತು. ದೇಶದ ಜಿಲ್ಲೆಗಳಲ್ಲಿ ಯಾವ ರೋಗ ಕಾಣಿಸಿಕೊಳ್ಳಬಹುದೆಂದು ಅದು ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುತ್ತದೆ. ಹಿಂದಿನ ವರ್ಷಗಳ ರೋಗ ವರದಿಯನ್ನು ಮಳೆ, ಉಷ್ಣಾಂಶ, ಜಾನುವಾರು ಸಾಂದ್ರತೆ ಮೊದಲಾದವುಗಳ ಜೊತೆ ತೂಗಿ ಲೆಕ್ಕ ಹಾಕುವ ಕೆಲಸ ಇದು. ನೆರಡಿ, ಚಪ್ಪೆ, ಗಳಲೆ ರೋಗಗಳಿಗೆ ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಲು ಇಂಥ ಮುನ್ಸೂಚನೆ ನಿಜಕ್ಕೂ ನೆರವಾಗುತ್ತದೆ. ಅದರ ಬೆಲೆಯನ್ನು ಕಡಿಮೆ ಮಾಡಲು ನಾನು ಹೊರಟಿಲ್ಲ. ಆದರೆ ಇಂಥ ಯಾವ ಲೆಕ್ಕಾಚಾರವೂ ವರದಿಯಾದ ರೋಗದಿಂದಲೇ ಕಲಿಯುತ್ತದೆ. ವರದಿಯೇ ಆಗದ ಕಡೆ ಅದಕ್ಕೆ ಸಿಗುವುದು ಸೊನ್ನೆ. ರೋಗವಿಲ್ಲದ ಸೊನ್ನೆಗೂ ಹೇಳುವವರಿಲ್ಲದ ಸೊನ್ನೆಗೂ ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ತೊಡಕು ಜಿಲ್ಲೆ ಎಂಬ ಅಳತೆಗೋಲಿನದು. ಬೆಂಗಳೂರು ಗ್ರಾಮಾಂತರದಲ್ಲಿದ್ದ ಕನಕಪುರ 2007ರಲ್ಲಿ ಹೊಸ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಗಡಿ ಬದಲಾದಲ್ಲಿ ರೋಗದ ಹಳೆಯ ಸರಣಿಯೂ ಕಡಿಯುತ್ತದೆ. ಮಾಗಡಿಯ ಬಯಲು ಹೊಲಕ್ಕೂ ಸಂಗಮದ ಕುರುಚಲು ಕಾಡಿಗೂ ಒಂದೇ ಅಂಕಿ ಕೊಟ್ಟರೆ ಎರಡಕ್ಕೂ ಅನ್ಯಾಯ. ದೊಡ್ಡಿಯನ್ನೇ ಅಳತೆಯ ಘಟಕವಾಗಿ ಹಿಡಿಯುವುದು ಈ ನೆಲಕ್ಕೆ ಹೊಂದುವ ಕ್ರಮ.

2013ರ ಕಾಲುಬಾಯಿ ಜ್ವರವನ್ನು ಈ ಭಾಗದ ರೈತರು ಮರೆತಿಲ್ಲ. ಆ ವರ್ಷದ ಮಳೆಗಾಲದಿಂದಾಚೆಗೆ ದಕ್ಷಿಣ ಕರ್ನಾಟಕದಲ್ಲಿ ಹಬ್ಬಿದ ರೋಗ ಕೋಲಾರ, ಬೆಂಗಳೂರು ಗ್ರಾಮಾಂತರ, ರಾಮನಗರ ಜಿಲ್ಲೆಗಳನ್ನು ತೀವ್ರವಾಗಿ ತಟ್ಟಿತು. ಸಾಮಾನ್ಯವಾಗಿ ಈ ರೋಗದಲ್ಲಿ ದೊಡ್ಡ ದನ ಸಾಯುವುದು ಕಡಿಮೆ, ಕರುಗಳು ಹೃದಯದ ಸ್ನಾಯು ಕೆಟ್ಟು ಸಾಯುತ್ತವೆ. ಆ ಸಲ ಹಾಲು ಕರೆಯುವ ಮಿಶ್ರತಳಿ ಹಸುಗಳೇ ಕೊಟ್ಟಿಗೆಯಲ್ಲಿ ಬಿದ್ದವು. ಲಸಿಕೆಯ ಕಾರ್ಯಕ್ರಮ ಜಾರಿಯಲ್ಲಿದ್ದಾಗಲೇ ಹೀಗಾಯಿತೆಂಬುದನ್ನು ಗಮನಿಸಬೇಕು. ಕಾಲುಬಾಯಿ ಲಸಿಕೆಯ ರಕ್ಷಣೆ ಸುಮಾರು ಆರು ತಿಂಗಳು ನಿಲ್ಲುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡದಿದ್ದರೆ ಅದೂ ಇಲ್ಲ. ಆಗಿನ ಕಾರ್ಯಕ್ರಮ ದನ, ಎಮ್ಮೆಗಳಿಗಷ್ಟೇ ಇತ್ತು. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮ ಕುರಿ, ಮೇಕೆ, ಹಂದಿಗಳನ್ನೂ ಒಳಗೆ ತಂದಿತು.

ಕುರಿ, ಮೇಕೆಯಲ್ಲಿ ಕಾಲುಬಾಯಿ ಜ್ವರ ಎಷ್ಟೋ ಸಲ ಎದ್ದು ಕಾಣುವುದೇ ಇಲ್ಲ. ಒಂದೆರಡು ದಿನ ಕುಂಟುತ್ತದೆ, ಮೇವು ಬಿಡುತ್ತದೆ, ಮತ್ತೆ ಮಂದೆಯ ಜೊತೆ ಗುಡ್ಡ ಹತ್ತುತ್ತದೆ. ಹಸುವಿನಲ್ಲಿ ಹಾಗಲ್ಲ. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಬೆಳಗಿನ ಹಾಲು ಇಳಿದರೆ ಸಂಜೆಯೊಳಗೆ ಕಾರಣ ಹುಡುಕುತ್ತಾರೆ. ಸಂಘದ ಪುಸ್ತಕದಲ್ಲಿ ದಿನಕ್ಕೆರಡು ಸಲ, ಸದಸ್ಯರ ಹೆಸರಿನ ಮುಂದೆ ಲೀಟರಿನ ಅಂಕಿ ಬೀಳುತ್ತದೆ. ಇಂಥ ನಿತ್ಯದ ದಾಖಲೆ ಯಾವ ಪ್ರಯೋಗಾಲಯದ ಬಳಿಯೂ ಇಲ್ಲ. ಒಂದೇ ದೊಡ್ಡಿಯ ಹಲವು ಮನೆಗಳಲ್ಲಿ ಎರಡು ದಿನ ಹಾಲು ಒಟ್ಟಿಗೇ ಕುಸಿದರೆ ಅದನ್ನು ಪಶುವೈದ್ಯರಿಗೆ ತಾನಾಗಿಯೇ ತಿಳಿಸುವ ಏರ್ಪಾಡು ಮಾಡಲು ಹೊಸ ಯಂತ್ರ ಬೇಕಿಲ್ಲ. ಇದು ಕಡಿಮೆ ಖರ್ಚಿನಲ್ಲಿ ಆಗುವ ಸಂಶೋಧನೆ. ಹಾಲು ಒಕ್ಕೂಟ ಮತ್ತು ಪಶುಪಾಲನಾ ಇಲಾಖೆ ಕೂಡಿ ಕೂತರೆ ಸಾಕು.

ಆದರೆ ಮೇಕೆಗೆ ಹಾಲಿನ ಪುಸ್ತಕವಿಲ್ಲ. ಗುಡ್ಡಕ್ಕೆ ಹೋಗುವ ನಾಟಿ ದನಕ್ಕೂ ಇಲ್ಲ. ಹನ್ನೆರಡು ಅಂಕಿಯ ಹಳದಿ ಕಿವಿಯೋಲೆ ಹಾಕಿದರೂ ಲಂಟಾನ, ಜಾಲಿಯ ಪೊದೆಯಲ್ಲಿ ಅದು ಕಿತ್ತು ಹೋಗುವುದುಂಟು. ಮೇಕೆ ಮನೆಯ ಉಳಿತಾಯ: ಮಗಳ ಶಾಲೆ ಫೀಜಿಗೆ, ಆಸ್ಪತ್ರೆಗೆ, ಮಾರಿಹಬ್ಬಕ್ಕೆ ಒಂದೊಂದಾಗಿ ಹೋಗುತ್ತದೆ. ಹೊಸತೊಡಕಿನ ಮುಂಚಿನ ವಾರಗಳಲ್ಲಿ, ಬಕ್ರೀದಿನ ಮುಂಚೆ ಸಂತೆಗಳಲ್ಲಿ ಮಂದೆಗಳು ಕಲೆಯುವಷ್ಟು ಬೇರೆ ಯಾವಾಗಲೂ ಕಲೆಯುವುದಿಲ್ಲ. ಕುರಿ, ಮೇಕೆಗಳ ಹಿರೇಬೇನೆಯ (ಪಿಪಿಆರ್) ಲಸಿಕೆ ಒಂದು ಸಲ ಹಾಕಿದರೆ ಕೆಲವು ವರ್ಷ ಕಾಯುತ್ತದೆ, ನಿಜ. ಆದರೆ ವರ್ಷ ತುಂಬುವುದರೊಳಗೆ ಮಾರಾಟವಾಗುವ ಮಂದೆಯಲ್ಲಿ ಲಸಿಕೆ ಪಡೆದವು ಹೋಗಿ, ಪಡೆಯದ ಮರಿಗಳು ಆ ಜಾಗಕ್ಕೆ ಬರುತ್ತವೆ. ಕಳೆದ ವರ್ಷದ ಲಸಿಕೆಯ ಅಂಕಿ ಈ ವರ್ಷದ ಮಂದೆಯ ರಕ್ಷಣೆಯನ್ನು ಹೇಳುವುದಿಲ್ಲ. ಈ ರೋಗ ಭಾರತದಲ್ಲಿ ಮೊದಲು ದಾಖಲಾದದ್ದು 1987ರಲ್ಲಿ, ನೆರೆಯ ತಮಿಳುನಾಡಿನ ಅರಸೂರಿನಲ್ಲಿ. ಜಗತ್ತಿನಿಂದಲೇ ಅದನ್ನು ತೊಲಗಿಸಲು ಇಟ್ಟುಕೊಂಡ ಗುರಿ 2030. ಆ ಗುರಿಗೆ ಕರ್ನಾಟಕದ 1 ಕೋಟಿ ದಾಟಿದ ಕುರಿ, 60 ಲಕ್ಷ ದಾಟಿದ ಮೇಕೆಗಳ ಓಡಾಟವನ್ನು ತಿಳಿಯದೆ ಹತ್ತಿರ ಹೋಗಲಾಗದು.

ದಾರಿ ತೋರಿಸಲು ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ಅನುಭವ ನಮ್ಮಲ್ಲೇ ಇದೆ. ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆ ಶುರುವಾದದ್ದೇ ಆ ರೋಗದ ಭಯದಿಂದ. ದಶಕಗಳ ಕಾಲ ದೇಶದುದ್ದಕ್ಕೂ ಲಸಿಕೆ ಹಾಕಿದರೂ ರೋಗ ದಕ್ಷಿಣದ ಕೆಲವು ಮೂಲೆಗಳಲ್ಲಿ ಉಳಿದೇ ಇತ್ತು. ಕೊನೆಯ ಹಂತದಲ್ಲಿ ಕೆಲಸ ಮಾಡಿದ್ದು ಹುಡುಕಾಟ: ಸಿಬ್ಬಂದಿ ಹಳ್ಳಿ ಹಳ್ಳಿಗೆ ಹೋಗಿ, ದನ ಸಾಗುವ ದಾರಿಗಳಲ್ಲಿ ನಿಂತು, ಕಣ್ಣು ಬಾಯಿ ಸೋರಿ ಭೇದಿಯಾಗಿ ಸತ್ತ ದನ ಇತ್ತೇ ಎಂದು ಕೇಳಿದರು. 1995ರಲ್ಲಿ ದೇಶದ ಕೊನೆಯ ಪ್ರಕರಣ, 2006ರಲ್ಲಿ ಭಾರತ ರೋಗಮುಕ್ತ, 2011ರಲ್ಲಿ ಜಗತ್ತೇ ಮುಕ್ತ. ಆ ಹುಡುಕಾಟದ ಕ್ರಮವನ್ನು ಮೇಕೆ ಮಂದೆಗಳಿಗೆ ಮತ್ತೆ ತರುವುದು ನಾನು ಮೊದಲಿಗಿಡುವ ಸಂಶೋಧನೆ.

ಕಾಡಿನ ಕಡೆಗೂ ಒಂದು ಮಾತು. 1968ರಲ್ಲಿ ಬಂಡೀಪುರ, ಮುದುಮಲೆಯ ಕಾಟಿಗಳು ದೊಡ್ಡರೋಗದಿಂದ ಗುಂಪು ಗುಂಪಾಗಿ ಸತ್ತವು. ಮೇಯುವ ದನ, ನೀರು ಕುಡಿಯುವ ಕಾಟಿ ಒಂದೇ ಹಳ್ಳಕ್ಕೆ ಬರುವ ಸಂಗಮದ ಸುತ್ತ ಅರಣ್ಯ ಇಲಾಖೆಗೂ ಪಶುಪಾಲನಾ ಇಲಾಖೆಗೂ ಬೇರೆ ಬೇರೆ ದಾಖಲೆ ಪುಸ್ತಕ ಇರುವುದು ಅಪಾಯ. ಸತ್ತ ಕಾಡುಪ್ರಾಣಿಯ ಸುದ್ದಿ ಅದೇ ದಿನ ಹೋಬಳಿಯ ಪಶು ಆಸ್ಪತ್ರೆಗೆ ತಲುಪಬೇಕು.

ಪ್ರಾಣಿಯ ಸಂಕಟವನ್ನು ರೋಗದ ಲೆಕ್ಕದಿಂದ ಬೇರ್ಪಡಿಸಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಕಾಲುಬಾಯಿ ಜ್ವರದಿಂದ ಉಳಿದ ಕೆಲವು ಹಸುಗಳಿಗೆ ಮೈಮೇಲೆ ಒತ್ತಾಗಿ ರೋಮ ಬೆಳೆಯುತ್ತದೆ. ಏಪ್ರಿಲಿನ ಬಿಸಿಲಿಗೆ ನೆರಳಲ್ಲೂ ತೇಕುತ್ತ ನಿಲ್ಲುತ್ತವೆ, ಹಾಲು ಮತ್ತೆ ಏರುವುದಿಲ್ಲ, ಗಬ್ಬ ನಿಲ್ಲುವುದೂ ಕಷ್ಟ. ಸತ್ತವುಗಳ ಪಟ್ಟಿಯಲ್ಲಿ ಇವಿಲ್ಲ, ವಾಸಿಯಾದವುಗಳ ಪಟ್ಟಿಯಲ್ಲಿವೆ. ಮನೆಯ ಹೆಂಗಸರು ದಿನಕ್ಕೆ ನಾಲ್ಕು ಸಲ ಅವುಗಳ ಮೈಮೇಲೆ ನೀರು ಹೊಯ್ಯುವ ದುಡಿಮೆ ಎಲ್ಲೂ ಬರೆದಿಲ್ಲ. ತೇಕುವ ಹಸುಗಳನ್ನು ಎಣಿಸಿ, ಅವುಗಳ ನೋವನ್ನು, ನಷ್ಟವನ್ನು ಎರಡು ವರ್ಷ ಹಿಂಬಾಲಿಸಿ ನೋಡುವ ಅಧ್ಯಯನಕ್ಕೆ ಹಣ ಬೇಕು.

ಹುಡುಕಾಟವನ್ನು ಉಯ್ಯಂಬಳ್ಳಿಯಲ್ಲಿ ಶುರು ಮಾಡುವುದಾದರೆ ಯುಗಾದಿಗೆ ಆರು ವಾರ ಮುಂಚೆ, ಮಂದೆ ಮಾರಾಟಕ್ಕೆ ಹೊರಡುವ ಮೊದಲು, ಕಾಡಂಚಿನ ದೊಡ್ಡಿಗಳಲ್ಲಿ ಮೇಕೆಗಳ ರಕ್ತ ತೆಗೆಯಬೇಕು. ಲಸಿಕೆಯಿಂದ ಬಂದ ಪ್ರತಿಕಾಯವನ್ನೂ ನಿಜವಾದ ಕಾಲುಬಾಯಿ ಸೋಂಕಿನಿಂದ ಬಂದದ್ದನ್ನೂ ಬೇರ್ಪಡಿಸಿ ಹೇಳುವ ಪರೀಕ್ಷೆ ದೇಶದಲ್ಲಿ ಬಳಕೆಯಲ್ಲಿದೆ. ಮುಂಗಾರು ಬಿದ್ದ ಮೇಲೆ ಅದೇ ದೊಡ್ಡಿಗಳಿಗೆ ಮತ್ತೊಮ್ಮೆ ಹೋಗಬೇಕು. ಮಧ್ಯದಲ್ಲಿ ಹಾಲು ಯಾವಾಗ ಇಳಿಯಿತೆಂದು ಅದೇ ಊರಿನ ಸಂಘದ ಪುಸ್ತಕವನ್ನು ಪಕ್ಕಕ್ಕಿಟ್ಟು ನೋಡಬೇಕು. ಸಿಕ್ಕ ಫಲಿತಾಂಶವನ್ನು ರಕ್ತ ಕೊಡಿಸಿದ ಮೇಕೆ ಕಾಯುವವರಿಗೆ, ಅವರ ಊರಿನಲ್ಲೇ, ಯಲಹಂಕಕ್ಕೆ ಕಳಿಸುವ ದಿನವೇ ಓದಿ ಹೇಳಬೇಕು.